ಬಳುಕುವ ಕ್ಯಾತಿಟರ್‌ಗೆ ಚುಕ್ಕಾಣಿ: ತುದಿ ತಿರುಗಿಸುವ ವ್ಯವಸ್ಥೆಯನ್ನು ವಿನ್ಯಾಸ ಮಾಡುವುದು ಹೇಗೆ?

ಕ್ಯಾತಿಟರ್ ಅಂದರೆ ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ. ಅದರ ತುದಿ ಬಗ್ಗಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಮೆತ್ತನೆಯ ಕೊಳವೆಯ ಗೋಡೆಯೊಳಗೆ ಒಂದು ಬದಿಗೆ ತಂತಿ ಹಾಯಿಸಿ, ಅದನ್ನು ತುದಿಗೆ ಬಿಗಿದು ಎಳೆದರೆ ಸಾಕು, ಬಗ್ಗುತ್ತದೆ. ಮೇಜಿನ ಮೇಲೆ ನೆಟ್ಟಗೆ ಮಲಗಿಸಿದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದೇ ಕೊಳವೆ ತೊಡೆಯ ರಕ್ತನಾಳದಿಂದ ಹೊರಟು, ಎರಡು ತಿರುವು ದಾಟಿ, ಹೃದಯದೊಳಗೆ ಹೋಗಿ ನಿಂತಾಗ ಆಟ ಬೇರೆ. ಇಲ್ಲಿ ಹಿಡಿ ತಿರುಗಿಸಿದರೆ ಅಲ್ಲಿ ತುದಿ ಅರೆಬರೆ ಬಗ್ಗುತ್ತದೆ. ಉಳಿದ ಎಳೆತವನ್ನು ನಡುವಿನ ಒಂದು ಮೀಟರ್ ಶಾಫ್ಟ್ ನುಂಗಿಬಿಟ್ಟಿರುತ್ತದೆ.

ಹಾಗಾಗಿ ಇಲ್ಲಿ ತುದಿಗಿಂತ ಆ ಒಂದು ಮೀಟರ್ ಬಗ್ಗೆಯೇ ಮಾತು ಜಾಸ್ತಿ. ಮೆಕ್ಯಾನಿಕಲ್ ಅಥವಾ ಬಯೋಮೆಡಿಕಲ್ ಓದುತ್ತಿರುವವರು, ವೈದ್ಯಕೀಯ ಸಾಧನಗಳ ವಿನ್ಯಾಸಕ್ಕೆ ಹೊಸಬರು ಇದನ್ನು ಮೊದಲ ಮಾದರಿ ಮಾಡುವಾಗ ಪಕ್ಕದಲ್ಲಿಟ್ಟುಕೊಳ್ಳಬಹುದು. ಒಂದು ಮಾತು: ಇಲ್ಲಿ ಹೇಳುವುದೆಲ್ಲ ಪ್ರಯೋಗಾಲಯದ ಮೇಜಿನ ಮಾದರಿಗೆ. ಮನುಷ್ಯರ ಮೈಯೊಳಗೆ ಹೋಗುವ ಮೊದಲು ದಾಟಬೇಕಾದ ಪರೀಕ್ಷೆ, ಅನುಮತಿಗಳ ದಾರಿಯೇ ಬೇರೆ, ಅದು ಉದ್ದದ್ದು.

ಹಂತ 1: ಚುಕ್ಕಾಣಿ ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ

1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ಕ್ಯಾತಿಟರ್ ತೂರಿಸಿಕೊಂಡರು. ಅದರಲ್ಲಿ ಚುಕ್ಕಾಣಿ ಇರಲಿಲ್ಲ. 1970ರಲ್ಲಿ ಬಂದ ಸ್ವಾನ್-ಗಾಂಜ್ ಕ್ಯಾತಿಟರ್ ತುದಿಯಲ್ಲಿ ಪುಟ್ಟ ಬಲೂನು ಇಟ್ಟುಕೊಂಡು ರಕ್ತದ ಹರಿವಿನ ಜೊತೆ ತೇಲಿಕೊಂಡು ಶ್ವಾಸಕೋಶದ ಅಪಧಮನಿ ತಲುಪಿತು. ಹೃದಯದ ಕರೊನರಿ ನಾಳಗಳಿಗೆ ಇವತ್ತಿಗೂ ಬಳಸುವ ಜಡ್ಕಿನ್ಸ್ ಕ್ಯಾತಿಟರ್‌ಗೆ ಕಾರ್ಖಾನೆಯಲ್ಲೇ ಬಾಗು ಕೊಟ್ಟಿರುತ್ತಾರೆ. ದಾರಿ ಮೊದಲೇ ಗೊತ್ತಿದ್ದರೆ ಅಂಥ ಬಾಗೇ ಸಾಕು, ಅಗ್ಗ ಕೂಡ.

ಗುರಿ ಅಲ್ಲಲ್ಲೇ ಬದಲಾಗುತ್ತಿದ್ದರೆ ಮಾತ್ರ ಚುಕ್ಕಾಣಿ ಬೇಕು. ಹೃದಯದ ಬಡಿತದ ಏರುಪೇರಿಗೆ ಅಬ್ಲೇಶನ್ (ತೊಂದರೆ ಕೊಡುವ ಅಂಗಾಂಶವನ್ನು ನಿಷ್ಕ್ರಿಯ ಮಾಡುವ ಚಿಕಿತ್ಸೆ) ಮಾಡುವಾಗ ತುದಿಯನ್ನು ಒಂದೊಂದೇ ಬಿಂದುವಿಗೆ ಒತ್ತಿ ಹಿಡಿಯಬೇಕು. ಹೃದಯದ ಎಡಭಾಗದ ಮೈಟ್ರಲ್ ಕವಾಟಕ್ಕೆ ಕ್ಲಿಪ್ ಹಾಕುವಾಗ ಎರಡು ಕೋಣೆಗಳ ನಡುವಿನ ಗೋಡೆ ದಾಟಿದ ಕೂಡಲೇ ಕೆಳಕ್ಕೆ ತಿರುಗಬೇಕು. ಇಂಥ ಕಡೆ ಬೇರೆ ದಾರಿ ಇಲ್ಲ.

ಹಂತ 2: ಬೇಕಾದ ಅಂಕಿಗಳನ್ನು ಬರೆದಿಡಿ

ಹೊರವ್ಯಾಸ, ಒಳರಂಧ್ರ, ಕೆಲಸದ ಉದ್ದ, ತುದಿ ಬಗ್ಗಬೇಕಾದ ಕೋನ, ಬಾಗಿನ ತ್ರಿಜ್ಯ, ಎಷ್ಟು ದಿಕ್ಕು. ಇವು ಎಲ್ಲರೂ ಬರೆಯುತ್ತಾರೆ. ಮರೆತುಹೋಗುವ ಅಂಕಿ ಇನ್ನೊಂದಿದೆ: ಬಗ್ಗಿದ ತುದಿ ಪಕ್ಕಕ್ಕೆ ಎಷ್ಟು ಬಲ ತಡೆದುಕೊಳ್ಳಬೇಕು? ಗಾಳಿಯಲ್ಲಿ ಚೆಂದ ಬಗ್ಗುವ ತುದಿ ಅಂಗಾಂಶಕ್ಕೆ ತಾಗಿದ ಕೂಡಲೇ ಸೋತು ನೆಟ್ಟಗಾದರೆ ಪ್ರಯೋಜನ ಇಲ್ಲ. ಹಾಗಂತ ತೀರಾ ಬಲಶಾಲಿಯಾದರೂ ಗೋಡೆ ತೂತಾಗುವ ಭಯ. ಅಬ್ಲೇಶನ್‌ನಲ್ಲಿ ತುದಿಯ ಒತ್ತಡ ಕೆಲವು ಹತ್ತು ಗ್ರಾಂ ಲೆಕ್ಕದಲ್ಲಿ ಇರುತ್ತದೆ ಅಷ್ಟೇ. ಎರಡೂ ಮಿತಿ ಬರೆದಿಡಿ.

ಮುಂದಿನ ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. 8 ಫ್ರೆಂಚ್ ಕ್ಯಾತಿಟರ್. ಒಂದು ಫ್ರೆಂಚ್ ಅಂದರೆ ಮಿಲಿಮೀಟರ್‌ನ ಮೂರನೇ ಒಂದು ಭಾಗ, ಹಾಗಾಗಿ ಹೊರವ್ಯಾಸ ಸುಮಾರು 2.7 ಮಿ.ಮೀ. ಒಳರಂಧ್ರ 1.7 ಮಿ.ಮೀ. ಇರಲಿ. ಗೋಡೆಗೆ ಉಳಿಯುವುದು ಬರೀ ಅರ್ಧ ಮಿಲಿಮೀಟರ್. ತಂತಿ, ಅದರ ಕೊಳವೆ, ಬ್ರೇಡ್ (ಗೋಡೆಯೊಳಗೆ ಹೆಣೆದ ತಂತಿಬಲೆ) ಎಲ್ಲ ಅಷ್ಟರಲ್ಲೇ ಕೂರಬೇಕು! ಶಾಫ್ಟ್ 1 ಮೀಟರ್. ತುದಿ 15 ಮಿ.ಮೀ. ತ್ರಿಜ್ಯದಲ್ಲಿ 180 ಡಿಗ್ರಿ ಬಗ್ಗಬೇಕು. ಅಂದರೆ ಬಗ್ಗುವ ಭಾಗದ ಉದ್ದ ಸುಮಾರು 47 ಮಿ.ಮೀ.

ಹಂತ 3: ವಿಧಾನ ಆರಿಸಿ

ಆಯ್ಕೆಗಳು ಹಲವು. ಸ್ಟೀರಿಯೋಟ್ಯಾಕ್ಸಿಸ್ ಕಂಪನಿಯ ನಿಯೋಬಿ ವ್ಯವಸ್ಥೆಯಲ್ಲಿ ರೋಗಿಯ ಎರಡೂ ಬದಿಗೆ ದೊಡ್ಡ ಅಯಸ್ಕಾಂತಗಳಿವೆ. ಸುಮಾರು 0.08 ಟೆಸ್ಲಾ ಕ್ಷೇತ್ರದಲ್ಲಿ ಕ್ಯಾತಿಟರ್ ತುದಿಯ ಪುಟ್ಟ ಅಯಸ್ಕಾಂತ ತಿರುಗುತ್ತದೆ. ಶಾಫ್ಟ್ ಎಷ್ಟು ಮೆತ್ತಗಿದ್ದರೂ ಪರವಾಗಿಲ್ಲ, ಯಾಕೆಂದರೆ ಬಲ ಹೊರಗಿನಿಂದಲೇ ಬರುತ್ತದೆ. ಆದರೆ ಒಂದು ಕೋಣೆ ಪೂರ್ತಿ ಅದಕ್ಕೇ ಮೀಸಲಿಡಬೇಕು. ಒಂದರೊಳಗೊಂದು ಕೂರುವ ಬಾಗಿದ ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಕೊಳವೆಗಳ ವಿಧಾನವೂ ಇದೆ. ತಂತಿಯೇ ಬೇಡ, ಕೊಳವೆಗಳನ್ನು ತಿರುಗಿಸಿ, ಹಿಂದೆ ಮುಂದೆ ಜಾರಿಸಿದರೆ ಆಕಾರ ಬದಲಾಗುತ್ತದೆ. ಕೆಲವು ಕೋನಗಳಲ್ಲಿ ಮಾತ್ರ ಅದು ಟಕ್ಕನೆ ಹಾರಿ ಬೇರೆ ಆಕಾರಕ್ಕೆ ಹೋಗಿಬಿಡುತ್ತದೆ. ಬಿಸಿ ಮಾಡಿದರೆ ಗಿಡ್ಡವಾಗುವ ಆಕಾರ-ನೆನಪಿನ ಲೋಹದ ತಂತಿಗಳು ತಣ್ಣಗಾಗಲು ಹೊತ್ತು ತಗೊಳ್ಳುತ್ತವೆ, ರಕ್ತದ ಪಕ್ಕದಲ್ಲಿ ಬಿಸಿ ಅನ್ನುವುದೂ ಒಂದು ತಲೆನೋವು.

ಮೊದಲ ವಿನ್ಯಾಸಕ್ಕೆ ಎಳೆತಂತಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಕೈಗೆ ಸ್ವಲ್ಪವಾದರೂ ಸ್ಪರ್ಶ ತಿಳಿಯುತ್ತದೆ, ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ಹುಡುಕಬಹುದು.

ಹಂತ 4: ಏನನ್ನೂ ಕೊಳ್ಳುವ ಮೊದಲು ಲೆಕ್ಕ ಹಾಕಿ

*ತಂತಿ ಎಷ್ಟು ಚಲಿಸಬೇಕು?* ಕೊಳವೆಯ ನಡುಗೆರೆಯಿಂದ ತಂತಿ ಎಷ್ಟು ದೂರ ಇದೆಯೋ ಅದನ್ನು ಬಾಗಿನ ಕೋನದಿಂದ ಗುಣಿಸಿ, ಕೋನ ರೇಡಿಯನ್‌ನಲ್ಲಿ ಇರಲಿ. ನಮ್ಮ ತಂತಿ 1 ಮಿ.ಮೀ. ದೂರದಲ್ಲಿದೆ, 180 ಡಿಗ್ರಿ ಅಂದರೆ 3.14 ರೇಡಿಯನ್. ಉತ್ತರ 3.1 ಮಿ.ಮೀ. ಇಷ್ಟು ಚಿಕ್ಕ ಚಲನೆಯಲ್ಲೇ ಇಡೀ ಬಾಗು ಅಡಗಿದೆ. ಒಂದು ಮಿಲಿಮೀಟರ್ ಎಲ್ಲೋ ಕಳೆದುಹೋದರೆ ಸುಮಾರು 60 ಡಿಗ್ರಿ ಹೋಯಿತು.

*ಎಷ್ಟು ಬಲ?* ಕೊಳವೆಯ ಅಡ್ಡಸೀಳಿನಿಂದ ಬರುವ ಜಡತ್ವದ ಮೊಮೆಂಟ್ (ಬಾಗುವುದಕ್ಕೆ ಆಕಾರ ಎಷ್ಟು ತಡೆ ಒಡ್ಡುತ್ತದೆ ಅನ್ನುವ ಅಳತೆ) ನಮ್ಮ ಅಳತೆಗೆ ಸುಮಾರು 2.2 ಮಿ.ಮೀ. ಘಾತ 4. ಮೆತ್ತನೆಯ ಭಾಗದ ಒಟ್ಟಾರೆ ಸ್ಥಿತಿಸ್ಥಾಪಕ ಗುಣಾಂಕ 60 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ. ಇದನ್ನು ಪುಸ್ತಕದಿಂದ ತೆಗೆಯಬೇಡಿ, ಒಂದು ತುಂಡು ಮಾಡಿ ಬಗ್ಗಿಸಿ ಅಳೆಯಿರಿ. ಒಳಪದರ, ಬ್ರೇಡ್ ಎಲ್ಲ ಸೇರಿದಾಗ ಬರುವ ಅಂಕಿ ಬರೀ ಪ್ಲಾಸ್ಟಿಕ್‌ನದಕ್ಕಿಂತ ಬೇರೆಯೇ ಇರುತ್ತದೆ. 60 ಅನ್ನು 2.2ರಿಂದ ಗುಣಿಸಿ 15ರಿಂದ ಭಾಗಿಸಿದರೆ ಬಾಗಿಸುವ ಬಲದ ಮೊಮೆಂಟ್ ಸಿಗುತ್ತದೆ: 8.8 ನ್ಯೂಟನ್-ಮಿ.ಮೀ. ತಂತಿ 1 ಮಿ.ಮೀ. ದೂರದಲ್ಲಿದೆ, ಹಾಗಾಗಿ ತುದಿಯಲ್ಲಿ 8.8 ನ್ಯೂಟನ್ ಎಳೆತ ಬೇಕು.

*ಘರ್ಷಣೆ?* ಬಾಗಿದ ದಾರಿಯಲ್ಲಿ ತಂತಿ ಎಳೆದಾಗ ಬೇಕಾಗುವ ಬಲ ತಿರುವಿನ ಕೋನದ ಜೊತೆ ಘಾತೀಯವಾಗಿ ಏರುತ್ತದೆ. ತಂತಿ ಟೆಫ್ಲಾನ್ ಮೇಲೆ ಜಾರುತ್ತಿದ್ದು ಘರ್ಷಣೆಯ ಗುಣಾಂಕ 0.1 ಇದ್ದರೆ, 180 ಡಿಗ್ರಿ ತಿರುವಿಗೆ ಬಲ 1.37 ಪಟ್ಟು. ತುದಿಯ ಬಾಗು ದಾಟಿ ಈ ಕಡೆ ಬರುವಾಗ 8.8 ಹೋಗಿ 12 ಆಯಿತು. ಮೈಯೊಳಗಿನ ದಾರಿಯೂ ಒಟ್ಟು 180 ಡಿಗ್ರಿ ತಿರುಗಿದರೆ ಹಿಡಿಯ ಹತ್ತಿರ 16.5 ನ್ಯೂಟನ್. ಗುಣಾಂಕ 0.2 ಆಗಿಬಿಟ್ಟರೆ? 31 ನ್ಯೂಟನ್. ಒಳಪದರ ಉದ್ದಕ್ಕೂ ಸ್ವಲ್ಪ ಒರಟಾದರೂ ಲೆಕ್ಕ ಹೀಗೆ ದುಪ್ಪಟ್ಟಾಗುತ್ತದೆ.

*ತಂತಿ ತಡೆಯುತ್ತದಾ?* 0.2 ಮಿ.ಮೀ. ದಪ್ಪದ, ಗಟ್ಟಿಯಾಗಿ ಎಳೆದು ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ತಂತಿಗೆ 2000 ಮೆಗಾಪ್ಯಾಸ್ಕಲ್ ಶಕ್ತಿ ಇದೆ ಅಂದುಕೊಂಡರೆ ಅದು 63 ನ್ಯೂಟನ್‌ಗೆ ತುಂಡಾಗುತ್ತದೆ. 16.5ಕ್ಕೆ ಹೋಲಿಸಿದರೆ ಸುಮಾರು 4 ಪಟ್ಟು, 31ಕ್ಕೆ ಹೋಲಿಸಿದರೆ ಎರಡೇ ಪಟ್ಟು. ಎರಡು ಪಟ್ಟು ನನಗೆ ಸಾಲದು. ನಿಟಿನಾಲ್ ತಂತಿ ಹಾಕಲು ಆಸೆಯಾಗಬಹುದು, ಮಡಚಿದರೂ ಸೊಟ್ಟಗಾಗುವುದಿಲ್ಲ ಅಲ್ವಾ! ಆದರೆ ಅದು ಸ್ಟೀಲ್‌ಗಿಂತ ಎಷ್ಟೋ ಜಾಸ್ತಿ ಹಿಗ್ಗುತ್ತದೆ. ಬಗ್ಗುವ ಭಾಗದ ಬೆನ್ನೆಲುಬಿಗೆ ನಿಟಿನಾಲ್ ಒಳ್ಳೆಯದು, ಎಳೆಯುವುದಕ್ಕೆ ಸ್ಟೀಲ್.

ಹಂತ 5: ಆ ಒಂದು ಮೀಟರ್

ತಂತಿಯನ್ನು ಎಳೆದಾಗ ಶಾಫ್ಟ್ ಅಷ್ಟೇ ಬಲದಿಂದ ಒತ್ತಿಸಿಕೊಳ್ಳುತ್ತದೆ. ಉದ್ದಕ್ಕೂ ಸರಾಸರಿ 14 ನ್ಯೂಟನ್ ಅನ್ನಿ. ಶಾಫ್ಟ್‌ನ ಜಾಕೆಟ್‌ಗೆ, ಅಂದರೆ ಹೊರಪದರಕ್ಕೆ, ಗಟ್ಟಿ ದರ್ಜೆಯ 72ಡಿ ಪೆಬ್ಯಾಕ್ಸ್ ಪ್ಲಾಸ್ಟಿಕ್ ಹಾಕಿದ್ದೇವೆ (ಡಿ ಮುಂದಿನ ಅಂಕಿ ಹೆಚ್ಚಿದಷ್ಟೂ ಗಟ್ಟಿ), ಅದರ ಗುಣಾಂಕ ಸುಮಾರು 500 ಮೆಗಾಪ್ಯಾಸ್ಕಲ್. ಗೋಡೆಯ ಅಡ್ಡಸೀಳು 3.5 ಚದರ ಮಿ.ಮೀ. ಲೆಕ್ಕ ಹಾಕಿದರೆ ಶಾಫ್ಟ್ 8 ಮಿ.ಮೀ. ಗಿಡ್ಡವಾಗುತ್ತದೆ! ತಂತಿ 2.3 ಮಿ.ಮೀ. ಹಿಗ್ಗುತ್ತದೆ. ತುದಿಗೆ ಬೇಕಿದ್ದುದು 3.1 ಮಿ.ಮೀ. ಮಾತ್ರ, ಕೈ ಎಳೆಯಬೇಕಾಗಿದ್ದು 13 ಮಿ.ಮೀ.ಗೂ ಮೇಲೆ. ಮುಕ್ಕಾಲು ಪಾಲು ಶ್ರಮ ದಾರಿಯಲ್ಲೇ ಖರ್ಚು.

ಬ್ರೇಡ್ ಇದೆಯಲ್ಲ, ಅದು ತಡೆಯುವುದಿಲ್ಲವೇ ಅಂತ ಕೇಳುತ್ತಾರೆ. ಹೆಚ್ಚೇನೂ ಇಲ್ಲ. ಹೆಣೆದ ತಂತಿಗಳು ಕತ್ತರಿಯಂತೆ ಕೋನ ಬದಲಿಸಿ ಜಾಗ ಬಿಡುತ್ತವೆ. ಬ್ರೇಡ್‌ನ ನಿಜವಾದ ಕೆಲಸ ತಿರುಚು ಬಲವನ್ನು ಹಿಡಿಯಿಂದ ತುದಿಗೆ ಮುಟ್ಟಿಸುವುದು, ಕೊಳವೆ ಮಡಚಿಕೊಳ್ಳದಂತೆ ಕಾಯುವುದು. ತಿರುಚಿಗೆ 45 ಡಿಗ್ರಿ ಹೆಣಿಗೆ ಕೋನವೇ ಅತ್ಯುತ್ತಮ.

ಗಿಡ್ಡವಾಗುವುದಕ್ಕೆ ಮದ್ದು ಬೇರೆ ಇದೆ. ಸೈಕಲ್ ಬ್ರೇಕ್‌ನ ಕೇಬಲ್ ನೋಡಿ. ಒಳಗಿನ ತಂತಿ ಎಳೆದರೂ ಹೊರಗಿನ ಸುರುಳಿ ಗಿಡ್ಡವಾಗುವುದಿಲ್ಲ, ಯಾಕೆಂದರೆ ಅದರ ಸುತ್ತುಗಳು ಒಂದಕ್ಕೊಂದು ಮುಟ್ಟಿಕೊಂಡೇ ಇವೆ. ಕ್ಯಾತಿಟರ್‌ನಲ್ಲೂ ಹಾಗೆಯೇ, ಪ್ರತಿ ಎಳೆತಂತಿಯ ಸುತ್ತ ಬಿಗಿಯಾಗಿ ಸುತ್ತಿದ ಸ್ಟೀಲ್ ಸುರುಳಿ ಹಾಕಿ. ಸುರುಳಿಯ ಒಂದು ತುದಿ ಮೆತ್ತನೆಯ ಭಾಗ ಶುರುವಾಗುವ ಕಡೆ ನಿಲ್ಲಬೇಕು, ಇನ್ನೊಂದು ಹಿಡಿಯಲ್ಲಿ. ನಡುವೆ ಅದನ್ನು ಅಂಟಿಸಬೇಡಿ, ತನ್ನ ರಂಧ್ರದಲ್ಲಿ ಜಾರಾಡಲು ಬಿಡಿ. ಹಿಡಿಯ ಕಡೆ ಸ್ವಲ್ಪ ಸಡಿಲ ಇರಲಿ. ಜಾಗ ಸಾಲದಿದ್ದರೆ ಲೇಸರ್‌ನಿಂದ ಸೀಳು ಕೊರೆದ ತೆಳು ಲೋಹದ ಕೊಳವೆಯನ್ನೇ ಶಾಫ್ಟ್‌ನ ಬೆನ್ನೆಲುಬು ಮಾಡಬಹುದು. ಬಳುಕುತ್ತದೆ, ಆದರೆ ಗಿಡ್ಡವಾಗುವುದು ಬಹಳ ಕಡಿಮೆ.

ಎರಡನೇ ಕಳ್ಳ ಇನ್ನೂ ಜಾಣ. ಮೈಯೊಳಗಿನ ದಾರಿ ಶಾಫ್ಟನ್ನೇ ಬಗ್ಗಿಸುತ್ತದೆ ಅಲ್ವಾ? ಆಗ ಬದಿಯಲ್ಲಿರುವ ತಂತಿಯ ದಾರಿಯೂ ಉದ್ದ ಅಥವಾ ಗಿಡ್ಡ ಆಗುತ್ತದೆ. ಲೆಕ್ಕ ಮೊದಲಿನದ್ದೇ: ದೂರ ಗುಣಿಸು ಕೋನ. ಶಾಫ್ಟ್ 90 ಡಿಗ್ರಿ ಬಗ್ಗಿದರೆ 1.6 ಮಿ.ಮೀ. ತಂತಿಯ ಕಡೆಗೇ ಬಗ್ಗಿದರೆ ತಂತಿ ಅಷ್ಟು ಸಡಿಲವಾಯಿತು, ಅರ್ಧ ಚಲನೆ ವ್ಯರ್ಥ. ಎದುರು ಕಡೆ ಬಗ್ಗಿದರೆ ತಂತಿ ತಾನಾಗೇ ಬಿಗಿಯಾಗಿ, ಯಾರೂ ಹಿಡಿ ಮುಟ್ಟದೆಯೇ ತುದಿ ತಿರುಗುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಎಳೆತದಲ್ಲಿರುವ ತಂತಿಗೆ ಯಾವಾಗಲೂ ಗಿಡ್ಡ ದಾರಿ ಬೇಕು, ಅಂದರೆ ಬಾಗಿನ ಒಳಬದಿ. ಅದಕ್ಕಾಗಿ ಇಡೀ ಶಾಫ್ಟನ್ನು ಹೊರಳಿಸಲು ನೋಡುತ್ತದೆ. ವೈದ್ಯರು ಹಿಡಿಯನ್ನು ನಿಧಾನ ತಿರುಗಿಸುತ್ತಿರುವಾಗ ತುದಿ ಸುಮ್ಮನಿದ್ದು, ಆಮೇಲೆ ಚಟ್ಟನೆ ಹೊರಳುತ್ತದೆ. ಹೃದಯದೊಳಗೆ ಇದಕ್ಕಿಂತ ಕೆಟ್ಟ ನಡವಳಿಕೆ ಇಲ್ಲ.

ಪರಿಹಾರ ಎರಡು. ಮೇಲೆ ಹೇಳಿದ ಜಾರಾಡುವ ಸುರುಳಿ ಇದನ್ನೂ ಬಹಳ ಮಟ್ಟಿಗೆ ಸರಿ ಮಾಡುತ್ತದೆ, ತಂತಿಯ ಉದ್ದ ಸುರುಳಿಯ ಉದ್ದಕ್ಕೆ ಕಟ್ಟುಬೀಳುವುದರಿಂದ. ಇನ್ನೊಂದು, ಶಾಫ್ಟ್ ಬಗ್ಗುವ ಜಾಗದಲ್ಲಿ ತಂತಿಯನ್ನು ಸುತ್ತು ಹಾಕಿಸಿ ಸಾಗಿಸುವುದು. ತಂತಿ ಒಂದು ಪೂರ್ತಿ ಸುತ್ತು ಬಂದರೆ ಅರ್ಧ ದಾರಿ ಒಳಬದಿ, ಅರ್ಧ ಹೊರಬದಿ, ಎರಡೂ ಸರಿಹೋಗುತ್ತವೆ. ಆದರೆ ಸುತ್ತಿದ ತಂತಿ ಎಳೆದಾಗ ಶಾಫ್ಟನ್ನು ತಿರುಚುತ್ತದೆ, ಘರ್ಷಣೆಯೂ ಸ್ವಲ್ಪ ಏರುತ್ತದೆ. ಉಚಿತವಾಗಿ ಏನೂ ಸಿಗುವುದಿಲ್ಲ.

ಹಂತ 6: ಬಗ್ಗುವ ಭಾಗ

ಇಲ್ಲಿ ಕೆಲಸ ಸುಲಭ. ಶಾಫ್ಟ್ 72ಡಿ ಪೆಬ್ಯಾಕ್ಸ್ ಆಗಿದ್ದರೆ ಬಗ್ಗುವ ಭಾಗ 35ಡಿ. ಮೆತ್ತನೆಯದರ ಗುಣಾಂಕ ಸುಮಾರು 20 ಮೆಗಾಪ್ಯಾಸ್ಕಲ್. ಎರಡರ ನಡುವೆ 25 ಪಟ್ಟು ಅಂತರ. ಹಾಗಾಗಿ ಎಳೆದಾಗ ಎಲ್ಲಿ ಬಗ್ಗಬೇಕು ಅನ್ನುವುದು ತಾನಾಗೇ ತೀರ್ಮಾನವಾಗುತ್ತದೆ. ಆದರೆ ಎರಡನ್ನೂ ನೇರವಾಗಿ ಜೋಡಿಸಬೇಡಿ. ಕೂಡುವ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ನಡುವೆ 55ಡಿ ತುಂಡೊಂದು ಇಟ್ಟು ಮೆಟ್ಟಿಲು ಮಾಡಿ.

ಬಗ್ಗಿದಾಗ ಒಳರಂಧ್ರ ಚಪ್ಪಟೆಯಾಗಬಾರದು, ಅದಕ್ಕೆ ಗೋಡೆಯಲ್ಲಿ ಸುರುಳಿ ಅಥವಾ ದಟ್ಟ ಬ್ರೇಡ್ ಇರಲಿ. ಬಾಗು ಒಂದೇ ಸಮತಲದಲ್ಲಿ ನಿಲ್ಲಬೇಕಾದರೆ ಎರಡು ಎಳೆತಂತಿ ಎದುರುಬದುರು ಇಡಿ, ಜೊತೆಗೆ ಚಪ್ಪಟೆ ಲೋಹದ ಪಟ್ಟಿಯನ್ನು ಬೆನ್ನೆಲುಬಾಗಿ ಸೇರಿಸಿ. ಪಟ್ಟಿ ತೆಳುವಾದ ಕಡೆಗೆ ಮಾತ್ರ ಬಗ್ಗುತ್ತದೆ. ತುದಿ ಪಕ್ಕದ ಬಲ ತಡೆಯುವುದಕ್ಕೂ ಅದೇ ಆಸರೆ.

ಹಂತ 7: ತಂತಿಯ ಕೊನೆ

ಮುರಿಯುವುದು ಹೆಚ್ಚಾಗಿ ಇಲ್ಲೇ. ತುದಿಯಲ್ಲಿ ಒಂದು ಸ್ಟೀಲ್ ಉಂಗುರ, ಅದಕ್ಕೆ ತಂತಿಯನ್ನು ಲೇಸರ್ ಬೆಸುಗೆ. ರೂಢಿಯ ವಿಧಾನ ಇದು. ಆದರೆ ಎಳೆದು ಗಟ್ಟಿ ಮಾಡಿದ ತಂತಿಗೆ ಬೆಸುಗೆಯ ಬಿಸಿ ತಾಗಿದರೆ ಆ ಜಾಗ ಮೆತ್ತಗಾಗುತ್ತದೆ. 63 ನ್ಯೂಟನ್ ಅಂತ ಲೆಕ್ಕ ಹಾಕಿದ್ದು ಅಲ್ಲಿಗೆ ಅನ್ವಯಿಸುವುದಿಲ್ಲ. ಬೆಸುಗೆ ಹಾಕಿದ ಜೋಡಣೆಯನ್ನೇ ಎಳೆದು ಮುರಿದು, ಬಂದ ಅಂಕಿಯನ್ನು ಲೆಕ್ಕಕ್ಕೆ ತಗೊಳ್ಳಿ. ಬೆಸುಗೆ ಬೇಡವೆಂದರೆ ಒಂದೇ ಉದ್ದ ತಂತಿಯನ್ನು ಉಂಗುರದ ತೂತುಗಳಲ್ಲಿ ಹಾಯಿಸಿ, ಎರಡೂ ತುದಿ ಹಿಂದಕ್ಕೆ ತರಬಹುದು. ಉಂಗುರದಲ್ಲಿ ನಾಲ್ಕಾರು ತೂತು ಇದ್ದರೆ ಕರಗಿದ ಜಾಕೆಟ್ ಅದರೊಳಗೆ ಹರಿದು ಹಿಡಿದುಕೊಳ್ಳುತ್ತದೆ. ನಯವಾದ ಉಂಗುರ ಪ್ಲಾಸ್ಟಿಕ್‌ನಲ್ಲಿ ಜಾರುತ್ತದೆ.

ಹಂತ 8: ಹಿಡಿ

ತಿರುಗಿಸುವ ಗುಬ್ಬಿ (ನಾಬ್), ಇಲ್ಲವೇ ಹೆಬ್ಬೆರಳಿನಿಂದ ಜಾರಿಸುವ ಸ್ಲೈಡರ್. ನಿಮಗೆ ಯಾವುದು ಚೆಂದ ಅನ್ನುವುದು ಮುಖ್ಯ ಅಲ್ಲ, ಕೈಗವಸು ಒದ್ದೆಯಾಗಿರುವಾಗ ಬಳಸುವವರನ್ನು ಕೇಳಿ. ಗುಬ್ಬಿಯೊಳಗೆ ಸ್ಕ್ರೂ ಇದ್ದರೆ ಒಂದು ಲಾಭ: ಅದರ ಥ್ರೆಡ್‌ನ ಇಳಿಜಾರು ಸಾಕಷ್ಟು ಕಡಿಮೆ ಇದ್ದರೆ, ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ, ಬೇರೆ ಬೀಗ ಬೇಡ. ನಷ್ಟವೂ ಅದೇ. ತುದಿ ಗೋಡೆಗೆ ಒತ್ತಿದ್ದು ಕೈಗೆ ಗೊತ್ತಾಗುವುದಿಲ್ಲ. ಸ್ಲೈಡರ್ ಗೊತ್ತುಮಾಡಿಸುತ್ತದೆ, ಆದರೆ ಬಿಟ್ಟರೆ ಜಾರುತ್ತದೆ, ಅದಕ್ಕೊಂದು ಘರ್ಷಣೆಯ ಬಿಗಿ ಬೇಕು.

ಎರಡು ದಿಕ್ಕಿನ ಹಿಡಿಯಲ್ಲಿ ಒಂದು ತಂತಿ ಎಳೆಯುವಾಗ ಇನ್ನೊಂದು ಪೂರ್ತಿ ಬಿಡುಗಡೆ ಆಗಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿಟ್ಟರೆ ಅವು ಒಂದಕ್ಕೊಂದು ಜಗಳ ಆಡುತ್ತಾ ಶಾಫ್ಟನ್ನು ಸುಮ್ಮಸುಮ್ಮನೆ ಒತ್ತುತ್ತವೆ. ಚಲನೆಯ ಕೊನೆಗೆ ಗಟ್ಟಿ ತಡೆ ಇಡಿ. ಜೋರು ಕೈಯವರು ತಿರುಗಿಸಿದರೂ ತಂತಿಗೆ ಮಿತಿ ಮೀರಿದ ಎಳೆತ ಬೀಳಬಾರದು. ತುದಿ ಯಾವ ಕಡೆ ಬಗ್ಗುತ್ತದೆ ಅನ್ನುವುದು ಹಿಡಿಯನ್ನು ಮುಟ್ಟಿದರೇ ತಿಳಿಯಲಿ. ಎಲ್ಲರ ಕಣ್ಣೂ ಪರದೆಯ ಮೇಲಿರುತ್ತದೆ.

ಹಂತ 9: ಕಟ್ಟುವ ಕ್ರಮ

ನಡುವೆ ಮ್ಯಾಂಡ್ರೆಲ್ (ಒಳರಂಧ್ರದ ಆಕಾರ ಹಿಡಿದಿಡುವ ಸಲಾಕೆ), ಅದರ ಮೇಲೆ ತೆಳು ಟೆಫ್ಲಾನ್ ಒಳಪದರ. ಪದರದ ಹೊರಮೈಗೆ ಅಂಟು ಹಿಡಿಯುವಂತೆ ರಾಸಾಯನಿಕ ಸಂಸ್ಕರಣೆ ಮಾಡಿರಬೇಕು, ಇಲ್ಲದಿದ್ದರೆ ಏನೂ ಅಂಟುವುದಿಲ್ಲ. ಆಮೇಲೆ ತಂತಿಗಳ ಪುಟ್ಟ ಕೊಳವೆಗಳು, ಅವುಗಳೊಳಗೆ ಸದ್ಯಕ್ಕೆ ಬದಲಿ ತಂತಿ. ಮೇಲೆ ಬ್ರೇಡ್, ಉಂಗುರ, ಎಕ್ಸ್‌ರೇಯಲ್ಲಿ ಕಾಣಲು ಪ್ಲಾಟಿನಂ-ಇರಿಡಿಯಂ ಪಟ್ಟಿ, ಆಮೇಲೆ ಪೆಬ್ಯಾಕ್ಸ್ ತುಂಡುಗಳು ಸಾಲಾಗಿ. ಎಲ್ಲದರ ಮೇಲೆ ಬಿಸಿಗೆ ಕುಗ್ಗುವ ಎಫ್‌ಇಪಿ ಪ್ಲಾಸ್ಟಿಕ್‌ನ ಕೊಳವೆ. ಬಿಸಿ ಮಾಡಿದಾಗ ಅದು ಕುಗ್ಗಿ ಒತ್ತುತ್ತದೆ, ಪೆಬ್ಯಾಕ್ಸ್ ಕರಗಿ ಬ್ರೇಡ್‌ನ ಸಂದುಗಳಿಗೆ ಇಳಿಯುತ್ತದೆ. ತಣ್ಣಗಾದ ಮೇಲೆ ಹೊರಕೊಳವೆ ಸುಲಿದು ಬಿಸಾಡಿ. ಪುಟ್ಟ ಕೊಳವೆಗಳು ಎದುರುಬದುರು ನೇರ ಸಾಲಿನಲ್ಲೇ ಉಳಿದಿವೆಯೇ ಅಂತ ಒಂದು ಮಾದರಿಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ.

ಹಂತ 10: ಪರೀಕ್ಷೆ

ನೆಟ್ಟಗಿಟ್ಟು, ಕೋಣೆಯ ತಾಪಮಾನದಲ್ಲಿ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ. 37 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಪೆಬ್ಯಾಕ್ಸ್ ಮೆತ್ತಗಾಗುತ್ತದೆ, ಶಾಫ್ಟ್ ಇನ್ನಷ್ಟು ಗಿಡ್ಡವಾಗುತ್ತದೆ. ಹಾಗಾಗಿ ರಕ್ತನಾಳದ ತಿರುವುಗಳಿರುವ ಮಾದರಿಯನ್ನು ಬೆಚ್ಚನೆ ನೀರಲ್ಲಿ ಮುಳುಗಿಸಿ, ಅದರಲ್ಲೇ ಅಳೆಯಿರಿ.

ಒಂದೇ ಒಂದು ಗ್ರಾಫ್ ಬರೆಯಲು ಸಮಯವಿದ್ದರೆ ಇದನ್ನು ಬರೆಯಿರಿ: ಅಡ್ಡಕ್ಕೆ ಹಿಡಿಯ ಚಲನೆ, ಮೇಲಕ್ಕೆ ತುದಿಯ ಕೋನ. ಬಗ್ಗಿಸುತ್ತಾ ಹೋಗಿ, ಮತ್ತೆ ಬಿಡುತ್ತಾ ಬನ್ನಿ. ಎರಡು ಗೆರೆಗಳು ಒಂದರ ಮೇಲೊಂದು ಬರುವುದಿಲ್ಲ. ನಡುವಿನ ಅಂತರವೇ ಘರ್ಷಣೆ ಮತ್ತು ಸಡಿಲದ ಗುರುತು. ಶುರುವಿನಲ್ಲಿ ತುದಿ ಅಲುಗಾಡದೆ ಗೆರೆ ಸಪಾಟಾಗಿದ್ದರೆ ತಂತಿ ಸಡಿಲ. ದಿಕ್ಕು ಬದಲಿಸಿದಾಗ ಸಪಾಟಾಗಿದ್ದರೆ ಘರ್ಷಣೆ ಜಾಸ್ತಿ. ಮೋಟಾರ್‌ನಿಂದ ನಡೆಸುವ ಆಲೋಚನೆ ಇದ್ದರಂತೂ ಈ ಅಂತರವೇ ದೊಡ್ಡ ಶತ್ರು. ಆಗ ಮೋಟಾರ್ ಎಷ್ಟು ತಿರುಗಿತು ಅನ್ನುವುದನ್ನು ನಂಬದೆ ಶಾಫ್ಟ್‌ನೊಳಗೆ ಆಕಾರ ಅಳೆಯುವ ಆಪ್ಟಿಕಲ್ ಫೈಬರ್ ಅಥವಾ ತುದಿಯಲ್ಲಿ ವಿದ್ಯುತ್ಕಾಂತೀಯ ಸೆನ್ಸರ್ ಇಡಬೇಕಾಗುತ್ತದೆ.

ತಿರುಚಿಗೂ ಇದೇ ರೀತಿ. ಹಿಡಿಯನ್ನು 10 ಡಿಗ್ರಿಯಂತೆ ತಿರುಗಿಸಿ, ತುದಿ ಎಷ್ಟು ಹಿಂಬಾಲಿಸಿತು ಬರೆಯಿರಿ. ತುದಿ ನೆಟ್ಟಗಿದ್ದಾಗ ಒಮ್ಮೆ, ಬಗ್ಗಿದ್ದಾಗ ಒಮ್ಮೆ. ಎರಡನೆಯದರಲ್ಲೇ ಹಾರಾಟ ಕಾಣುವುದು.

ಮಾನದಂಡಗಳಲ್ಲಿ ರಕ್ತನಾಳದ ಕ್ಯಾತಿಟರ್‌ಗಳಿಗೆ ಐಎಸ್‌ಒ 10555-1 ಇದೆ. 1.85 ಮಿ.ಮೀ. ಮತ್ತು ಅದಕ್ಕಿಂತ ದಪ್ಪದವು ಕನಿಷ್ಠ 15 ನ್ಯೂಟನ್ ಎಳೆತ ತಡೆಯಬೇಕು ಅನ್ನುತ್ತದೆ. ನಮ್ಮ ತಂತಿಯ ಎಳೆತವೇ ಹಿಡಿಯ ಹತ್ತಿರ ಅದನ್ನು ಮೀರುತ್ತದೆ, ಹಾಗಾಗಿ ಅಷ್ಟಕ್ಕೇ ತೃಪ್ತಿಪಡಬೇಡಿ. ಮೈಗೆ ತಾಗುವ ವಸ್ತುಗಳಿಗೆ ಐಎಸ್‌ಒ 10993, ಅಪಾಯದ ಲೆಕ್ಕಕ್ಕೆ ಐಎಸ್‌ಒ 14971. ಎಥಿಲೀನ್ ಆಕ್ಸೈಡ್‌ನಿಂದ ಕ್ರಿಮಿಶುದ್ಧಿ ಮಾಡುವಾಗ ಬಿಸಿ, ತೇವ ಎರಡೂ ಇರುತ್ತವೆ. ಆಗ ತಂತಿ ಎಳೆತದಲ್ಲಿದ್ದರೆ ಪೆಬ್ಯಾಕ್ಸ್ ಅದೇ ಬಾಗಿನಲ್ಲಿ ಕೂತುಬಿಡುತ್ತದೆ. ಡಬ್ಬಿಯೊಳಗೆ ಹಿಡಿ ನಡುಬಿಂದುವಿನಲ್ಲಿ, ಬೀಗ ತೆರೆದೇ ಇರಲಿ. ಮೇಲಿನ ಅಳತೆಗಳನ್ನೆಲ್ಲ ಕ್ರಿಮಿಶುದ್ಧಿ ಆದ ತುಂಡುಗಳ ಮೇಲೆ ಇನ್ನೊಮ್ಮೆ ಮಾಡಿ.

ಕೊನೆಯ ಪರೀಕ್ಷೆಗೆ ಒಂದು ಒಳ್ಳೆಯ ತುಂಡನ್ನೇ ಹಾಳು ಮಾಡಬೇಕು. ತುದಿಯನ್ನು ಪೂರ್ತಿ ಬಗ್ಗಿಸಿ, ಹಿಡಿಯ ಹತ್ತಿರ ತಂತಿಯನ್ನು ಕತ್ತರಿಸಿ. ತುದಿ ತಾನಾಗೇ ನೆಟ್ಟಗಾಗಿ, ಬಂದ ದಾರಿಯಲ್ಲೇ ಸಲೀಸಾಗಿ ಹೊರಗೆ ಬರಬೇಕು. ತುಂಡಾದ ತಂತಿ ಕೊಳವೆಯಲ್ಲಿ ಸಿಕ್ಕಿಕೊಂಡು ತುದಿ ಕೊಕ್ಕೆಯಂತೆಯೇ ನಿಂತರೆ ಹಂತ 5ಕ್ಕೆ ವಾಪಸ್ ಹೋಗಿ.